ಚೈನ್ ಸ್ಟೇಯಲ್ಲಿ ಬಿರುಕು: ವಾರಂಟಿಯಲ್ಲಿ ಫ್ರೇಮ್ ಬದಲಾಯಿಸಿಕೊಂಡವರು ಇದ್ದೀರಾ?

ಕುಕ್ಕರಹಳ್ಳಿ ಸವಾರ · 8 ನವೆಂಬರ್

ಮೂರು ವಾರಗಳಿಂದ ಸೈಕಲ್ ಸದ್ದು ಮಾಡುತ್ತಿತ್ತು. ಸಮತಟ್ಟಾದ ರಸ್ತೆಯಲ್ಲಿ ಏನೂ ಇಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಎದ್ದು ನಿಂತು ತುಳಿದರೆ, ಬಲಗಾಲು ಕೆಳಗಿಳಿದಾಗಲೆಲ್ಲ ಒಂದು 'ಟಿಕ್'. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿದೆ. ಸೀಟ್ ಪೋಸ್ಟ್ (ಸೀಟನ್ನು ಹೊರುವ ಕಂಬ) ಹೊರತೆಗೆದು ಒರೆಸಿದೆ. ಪೆಡಲ್ ತೋಳುಗಳ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟನ್ನೇ ಬದಲಾಯಿಸಿ 1,100 ರೂಪಾಯಿ ಕಳೆದುಕೊಂಡೆ. ಟಿಕ್ ಮಾತ್ರ ಹೋಗಲಿಲ್ಲ.

ನಿನ್ನೆ ತೊಳೆಯಲೆಂದು ತಲೆಕೆಳಗಾಗಿ ನಿಲ್ಲಿಸಿದಾಗ ಕಂಡಿತು. ಬಲಗಡೆಯ ಚೈನ್ ಸ್ಟೇ (ಹಿಂದಿನ ಚಕ್ರದ ಅಚ್ಚಿನಿಂದ ಮುಂದಕ್ಕೆ ಬರುವ ಕೆಳಗಿನ ಕೊಳವೆ) ಬಾಟಮ್ ಬ್ರಾಕೆಟ್ಟಿಗೆ ಸೇರುವ ಬೆಸುಗೆಯ ಅಂಚಿನಲ್ಲಿ, ಕೆಳಮುಖವಾಗಿ, ಕೂದಲೆಳೆಯಂಥ ಗೆರೆ. ಉದ್ದ ಎರಡು ಸೆಂಟಿಮೀಟರ್ ಇರಬಹುದು. ಅದರೊಳಗೆ ಕಪ್ಪು ಕೊಳೆ ಕೂತಿದೆ.

ಅಲ್ಯೂಮಿನಿಯಂ ಫ್ರೇಮ್. 2021ರ ಆಗಸ್ಟ್‌ನಲ್ಲಿ 42,000 ರೂಪಾಯಿಗೆ ಕೊಂಡದ್ದು. ಬಿಲ್ಲು ಇದೆ. ಫ್ರೇಮಿಗೆ 'ಜೀವಮಾನ ವಾರಂಟಿ' ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅಂಗಡಿಯವರು ಒಂದು ನಿಮಿಷ ನೋಡಿ, "ಸರ್, ಇದು ಬಣ್ಣದ ಬಿರುಕು, ಧೈರ್ಯವಾಗಿ ಓಡಿಸಿ" ಎಂದರು. ಧೈರ್ಯ ಬರುತ್ತಿಲ್ಲ. ಬೆಟ್ಟ ಇಳಿಯುವಾಗ ಗಂಟೆಗೆ 50 ಕಿಲೋಮೀಟರ್ ವೇಗ ಇರುತ್ತದೆ. ಯಾರಾದರೂ ಈ ದಾರಿಯಲ್ಲಿ ಹೋಗಿ ಬಂದಿದ್ದರೆ ಹೇಳಿ.

ಹಿಂದಿನ ಗೇರು · 8 ನವೆಂಬರ್

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸೈಕಲ್ ಅಂಗಡಿ ನಡೆಸುತ್ತಿದ್ದೇನೆ. ಮೊದಲ ಮಾತು: ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಪ್ರಾಣದ ಭಯ ಒಂದು ಕಾರಣ. ಬಿರುಕು ಗೊತ್ತಾದ ಮೇಲೂ ಓಡಿಸಿದ್ದೀರಿ ಎಂದು ಮುಂದೆ ನಿಮ್ಮ ಮೇಲೆಯೇ ತಿರುಗಿಸುತ್ತಾರೆ ಎನ್ನುವುದು ಇನ್ನೊಂದು.

ಬಣ್ಣದ ಬಿರುಕು ಎಂದರೆ ಸಾಮಾನ್ಯವಾಗಿ ಅಂಕುಡೊಂಕಾಗಿ, ಜೇಡರ ಬಲೆಯಂತೆ ಹರಡಿರುತ್ತದೆ. ಬೆಸುಗೆಯ ಅಂಚನ್ನೇ ಹಿಡಿದು ಒಂದೇ ಗೆರೆಯಾಗಿ ಹೋಗಿದ್ದರೆ, ಒಳಗೆ ಕೊಳೆ ಕೂತಿದ್ದರೆ, ಜೊತೆಗೆ ಸದ್ದೂ ಇದ್ದರೆ, ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಲೋಹವೇ ಸೀಳಿರುತ್ತದೆ. ಗೆರೆಯ ಎರಡೂ ತುದಿಗೆ ಪೆನ್ನಿನಲ್ಲಿ ಸಣ್ಣ ಗುರುತು ಹಾಕಿ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಕೊರೆದಿರುವ ಕ್ರಮಸಂಖ್ಯೆ, ಇಡೀ ಸೈಕಲ್ಲಿನ ಬಲಗಡೆಯ ಚಿತ್ರ, ಬಿಲ್ಲು, ಇವೆಲ್ಲ ಒಂದೇ ಸಲಕ್ಕೆ ಕಳುಹಿಸಿ. ಕಂತು ಕಂತಾಗಿ ಕಳುಹಿಸಿದರೆ ಅವರೂ ಕಂತು ಕಂತಾಗಿಯೇ ಉತ್ತರಿಸುತ್ತಾರೆ.

ಧಾರವಾಡ ಪೇಡೆ · 8 ನವೆಂಬರ್

ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ ಎಂದು ತಿಳಿಯುತ್ತಿಲ್ಲ. ನಮ್ಮ ತಂದೆಯವರ ಕಪ್ಪು ಸೈಕಲ್ಲಿನ ಫ್ರೇಮ್ 1998ರಲ್ಲಿ ಮುರಿದಿತ್ತು. ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಹಾಕಿ ಬೆಸೆಸಿದರು. ಹನ್ನೊಂದು ವರ್ಷ ಅದರ ಮೇಲೆ ಜೋಳದ ಚೀಲ ಹೇರಿದ್ದೇವೆ. ಆರ್ಗನ್ ವೆಲ್ಡಿಂಗ್ ಮಾಡುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಭದ್ರಾವತಿ ಲೋಹದವನು · 8 ನವೆಂಬರ್

ಧಾರವಾಡದವರೇ, ನಿಮ್ಮ ತಂದೆಯವರ ಸೈಕಲ್ ಉಕ್ಕಿನದು. ಇವರದು ಅಲ್ಯೂಮಿನಿಯಂ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ವಿಷ. ಉಕ್ಕಿನ ಊರಿನಲ್ಲಿ ಹುಟ್ಟಿ ಮೂವತ್ತು ವರ್ಷ ಬೆಸುಗೆಯನ್ನೇ ಕಲಿಸಿದವನು ನಾನು. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ಸೈಕಲ್ಲಿಗೆ ಹೆಚ್ಚಾಗಿ ಬಳಸುವ ಮಿಶ್ರಲೋಹ 6061. ಅದರ ಮುಂದೆ ಬರುವ 'ಟಿ6' ಎಂಬುದು ಶಾಖದ ಪಾಕ. ಬೆಸೆದ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಕ್ಷಣ ತಣಿಸಿ, ಆಮೇಲೆ 170-180 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಹೀಗೆ ಹದಗೊಂಡ ಲೋಹ ಸುಮಾರು 275 ಮೆಗಾಪ್ಯಾಸ್ಕಲ್ ಒತ್ತಡದವರೆಗೂ ಶಾಶ್ವತವಾಗಿ ಬಾಗುವುದಿಲ್ಲ. ಹದವೆಲ್ಲ ಇಳಿದ ಮೆತ್ತನೆಯ 6061 ತಡೆಯುವುದು 55ರ ಆಸುಪಾಸು. ಆರ್ಗನ್ ವೆಲ್ಡಿಂಗಿನವನು ಬಿರುಕಿನ ಮೇಲೆ ಎಷ್ಟೇ ಚೆಂದದ ಗೆರೆ ಎಳೆದರೂ ಅದರ ಆಚೀಚೆಯ ಲೋಹದ ಹದ ಕೆಡುತ್ತದೆ, ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಇಡೀ ಫ್ರೇಮನ್ನು ಒಲೆಗೆ ಹಾಕುವವರು ನಿಮ್ಮ ಬೀದಿಯಲ್ಲಿ ಇಲ್ಲ. ಮುಂದಿನ ಬಿರುಕು ಹೊಸ ಬೆಸುಗೆಯ ಪಕ್ಕದಲ್ಲೇ ಬರುತ್ತದೆ.

ಇನ್ನೊಂದು ವ್ಯತ್ಯಾಸ. ಉಕ್ಕಿಗೆ ದಣಿವಿನ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಹೊರೆಯನ್ನು ಎಷ್ಟು ಲಕ್ಷ ಸಲ ಹೇರಿದರೂ ಅದು ಸೀಳುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಹೊರೆಯೂ ಲೆಕ್ಕದ ಪುಸ್ತಕದಲ್ಲಿ ಸೇರುತ್ತಲೇ ಹೋಗುತ್ತದೆ. ಅದಕ್ಕೇ ತಯಾರಕರು ಕೊಳವೆಯನ್ನು ದಪ್ಪವಾಗಿ, ಅಗಲವಾಗಿ ಮಾಡುವುದು.

ನಿಮ್ಮ ಬಿರುಕು ಯಾಕೆ ಬಲಗಡೆಗೇ ಬಂತು ಗೊತ್ತೆ? 70 ಕಿಲೋ ತೂಕದವನು 175 ಮಿಲಿಮೀಟರ್ ಕ್ರ್ಯಾಂಕಿನ (ಪೆಡಲ್ ತೋಳಿನ) ಮೇಲೆ ನಿಂತನೆಂದುಕೊಳ್ಳಿ. ಮುಂದಿನ ಸಣ್ಣ ಹಲ್ಲುಗಾಲಿ 22 ಹಲ್ಲಿನದಾದರೆ ಅದರ ತ್ರಿಜ್ಯ ಸುಮಾರು 44.6 ಮಿಲಿಮೀಟರ್. ಸನ್ನೆಕೋಲಿನ ಲೆಕ್ಕ ಹಾಕಿದರೆ ಚೈನಿನಲ್ಲಿ ಬೀಳುವ ಎಳೆತ 275 ಕಿಲೋ ತೂಕಕ್ಕೆ ಸಮ. ಆ ಎಳೆತವೆಲ್ಲ ಹಿಂದಿನ ಅಚ್ಚನ್ನು ಬಾಟಮ್ ಬ್ರಾಕೆಟ್ಟಿನ ಕಡೆಗೆ ಜಗ್ಗುತ್ತದೆ, ಬಲಗಡೆಯ ಸ್ಟೇ ಅದಕ್ಕೆ ಬೆನ್ನು ಕೊಡುತ್ತದೆ, ಜೊತೆಗೆ ಪಕ್ಕಕ್ಕೂ ಬಾಗುತ್ತದೆ. ಪ್ರತಿ ತುಳಿತಕ್ಕೂ ಇದೇ ಕಥೆ. ಬಿರುಕು ಬಿಟ್ಟ ಜಾಗವನ್ನು ಕೇಳಿದರೇನೇ ಇದು ದಣಿವಿನ ಬಿರುಕು ಎಂದು ನನಗೆ ಅನಿಸುತ್ತದೆ. ಬಿದ್ದು ಆಗಿದ್ದರೆ ಗುರುತು ಬೇರೆ ಕಡೆ ಇರುತ್ತಿತ್ತು: ಹ್ಯಾಂಡಲ್ಲಿನ ಕೊಳವೆಯ ಹಿಂದೆ, ಕೆಳಗಿನ ಕೊಳವೆಯ ಹೊಟ್ಟೆ ಉಬ್ಬಿ ಬಣ್ಣ ಸುಕ್ಕುಗಟ್ಟಿರುತ್ತದೆ. ಅಲ್ಲಿ ಬೆರಳಾಡಿಸಿ ನೋಡಿ.

ಕುಕ್ಕರಹಳ್ಳಿ ಸವಾರ · 8 ನವೆಂಬರ್

ಬೆರಳಾಡಿಸಿದೆ. ನುಣುಪಾಗಿದೆ. ನಾನು ಒಮ್ಮೆಯೂ ಬಿದ್ದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಈ ಸೈಕಲ್ಲಿನಿಂದ ಬಿದ್ದಿಲ್ಲ.

ಬಣ್ಣವನ್ನು ಕೆರೆದು ನೋಡಲೇ? ಪರಿಚಯದ ಲೇತ್ ಅಂಗಡಿಯಲ್ಲಿ ಕೆಂಪು ದ್ರವ ಬಳಿದು ಬಿರುಕು ಪತ್ತೆ ಮಾಡುವ ಡಬ್ಬಿಗಳಿವೆ.

ಹಿಂದಿನ ಗೇರು · 8 ನವೆಂಬರ್

ಬೇಡ, ಬೇಡ. ಉಗುರಿನಲ್ಲೂ ಕೆರೆಯಬೇಡಿ. "ಗ್ರಾಹಕರು ಫ್ರೇಮನ್ನು ಮಾರ್ಪಡಿಸಿದ್ದಾರೆ" ಎಂಬ ಒಂದು ಸಾಲಿಗೆ ಅವರು ಕಾದಿರುತ್ತಾರೆ. ಕೆರೆಯಲೇಬೇಕಾದರೆ ಅವರೇ ಕೆರೆಯಲು ಹೇಳಲಿ, ಅದೂ ಬರವಣಿಗೆಯಲ್ಲಿ.

ಭದ್ರಾವತಿ ಲೋಹದವನು · 9 ನವೆಂಬರ್

ಒಪ್ಪುತ್ತೇನೆ. ಆ ಪರೀಕ್ಷೆ ಒಳ್ಳೆಯದೇ. ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗಿನ ಕೆಂಪು ತಾನಾಗಿ ಮೇಲೆ ಬರುತ್ತದೆ. ಆದರೆ ಅದಕ್ಕೆ ಬರಿಯ ಲೋಹ ಬೇಕು, ಬಣ್ಣದ ಮೇಲೆ ಮಾಡಿದರೆ ಬಣ್ಣದ ಬಿರುಕೇ ಕೆಂಪಾಗಿ ಕಾಣುತ್ತದೆ. ಸದ್ಯಕ್ಕೆ ಹತ್ತಿಯ ಎಳೆಯನ್ನು ಗೆರೆಯ ಮೇಲೆ ಹಗುರವಾಗಿ ಎಳೆಯಿರಿ. ಸಿಕ್ಕಿಕೊಂಡರೆ ಅಂಚು ಎದ್ದಿದೆ ಎಂದರ್ಥ.

ಇನ್ನೂರರ ಹುಚ್ಚಿ · 9 ನವೆಂಬರ್

ನನ್ನ ಅರ್ಜಿಯನ್ನು ತಿರಸ್ಕರಿಸಿದ್ದರು, ತಪ್ಪು ನನ್ನದೇ ಆಗಿತ್ತು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನಾನು ಬ್ರೆವೆಗಳಿಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ, ಹೋಗುವವಳು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಲ್ಲ, ಬೆನ್ನುನೋವಿಗೆ ಹೆದರಿ ಸೀಟನ್ನು ಎತ್ತುತ್ತಾ ಹೋದೆ. ಪ್ರತಿ ಸೀಟ್ ಪೋಸ್ಟಿನ ಮೇಲೂ 'ಇದಕ್ಕಿಂತ ಮೇಲೆ ಎತ್ತಬಾರದು' ಎಂಬ ಗೆರೆ ಇರುತ್ತದೆ. ನನ್ನದು ಆ ಗೆರೆಗಿಂತ ಎರಡು ಬೆರಳು ಮೇಲಿತ್ತು. ಸೀಟಿನ ಕೊಳವೆ ಬಿಗಿಪಟ್ಟಿಯ ಕೆಳಗೆ ಸೀಳಿತು. ಕಂಪನಿಯವರು ಕೇಳಿದ ಮೊದಲ ಪ್ರಶ್ನೆಯೇ ಪೋಸ್ಟ್ ಎಷ್ಟು ಒಳಗಿತ್ತು ಎಂದು. ಪೋಸ್ಟಿನ ಮೇಲಿನ ಉಜ್ಜಿದ ಗುರುತು ನನಗಿಂತ ಮೊದಲೇ ಸತ್ಯ ಹೇಳಿಬಿಟ್ಟಿತ್ತು. ಕೊನೆಗೆ ರಿಯಾಯಿತಿ ದರದಲ್ಲಿ ಹೊಸ ಫ್ರೇಮ್ ಕೊಟ್ಟರು. ಬಿದ್ದು ಮುರಿದುಕೊಂಡವರಿಗೂ ಕೆಲವು ಕಂಪನಿಗಳು ಹೀಗೆ ಕೊಡುತ್ತವೆ, ಆದರೆ ನಾವು ಕೇಳಿದರೆ ಮಾತ್ರ.

ಎರಡನೇ ಕೈ · 10 ನವೆಂಬರ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಗೆಳೆಯನಿಂದ ಕೊಂಡ ಸೈಕಲ್. ಅವನ ಹೆಸರಿನ ಬಿಲ್ಲು ನನ್ನ ಬಳಿ ಇದೆ. ಜೀವಮಾನ ವಾರಂಟಿ ನನಗೂ ಸಿಗುವುದೇ?

ಹಿಂದಿನ ಗೇರು · 10 ನವೆಂಬರ್

ಬಹುಮಟ್ಟಿಗೆ ಇಲ್ಲ. 'ಮೊದಲ ಖರೀದಿದಾರರಿಗೆ ಮಾತ್ರ' ಎಂಬ ಮಾತು ಹೆಚ್ಚಿನ ಪುಸ್ತಿಕೆಗಳಲ್ಲಿ ಇರುತ್ತದೆ. ಜೀವಮಾನ ಎಂದರೆ ಯಾರ ಜೀವಮಾನ ಎಂಬುದನ್ನೂ ಅಲ್ಲೇ ಓದಿಕೊಳ್ಳಿ. ಕೆಲವರು ಖರೀದಿಸಿದವನ ಜೀವಮಾನ ಎನ್ನುತ್ತಾರೆ, ಕೆಲವರು ಫ್ರೇಮಿನ ಜೀವಮಾನ ಎನ್ನುತ್ತಾರೆ. ಎರಡನೆಯದು ವಿಚಿತ್ರ. ಮುರಿದ ದಿನಕ್ಕೆ ಫ್ರೇಮಿನ ಜೀವಮಾನ ಮುಗಿಯಿತಲ್ಲ!

ಡೆಲ್ಫ್ಟ್ ಕನ್ನಡಿಗ · 11 ನವೆಂಬರ್

ನೆದರ್ಲೆಂಡ್ಸಿನಲ್ಲಿ ಸೈಕಲ್ ಇಲ್ಲದ ಮನೆ ಹುಡುಕುವುದು ಕಷ್ಟ, ಹಾಗಾಗಿ ಈ ಜಗಳವೂ ಇಲ್ಲಿ ಮಾಮೂಲು. ಯುರೋಪಿನ ಒಕ್ಕೂಟದಲ್ಲಿ ಮಾರಿದವರ ಹೊಣೆ ಕನಿಷ್ಠ ಎರಡು ವರ್ಷ. ಮೊದಲ ಒಂದು ವರ್ಷದೊಳಗೆ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಎಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಭಾರ ಅಂಗಡಿಯವರದು. ಈ ನಿಯಮ 2022ರಿಂದ ಜಾರಿಗೆ ಬಂದದ್ದು. ಈ ದೇಶದಲ್ಲಂತೂ ವಸ್ತು ನ್ಯಾಯವಾಗಿ ಎಷ್ಟು ಕಾಲ ಬಾಳಬೇಕಿತ್ತೋ ಅಷ್ಟೂ ಕಾಲ ಹೊಣೆ ಹೊರಿಸಬಹುದು. ಅಂಗಡಿಗೆ ಹೋದರೆ "ಕಂಪನಿಗೆ ಬರೆಯಿರಿ" ಎಂದು ಅಟ್ಟುವಂತಿಲ್ಲ.

ಕುಕ್ಕರಹಳ್ಳಿ ಸವಾರ · 21 ನವೆಂಬರ್

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಒಂದೇ ಸಲಕ್ಕೆ ಒಂಬತ್ತು ಫೋಟೊ, ಬಿಲ್ಲು, ಹತ್ತಿಯ ಎಳೆ ಸಿಕ್ಕಿಕೊಂಡ ವಿಡಿಯೊ ಕಳುಹಿಸಿದ್ದೆ. ಹನ್ನೊಂದು ದಿನ ಮೌನ. ನಿನ್ನೆ ಉತ್ತರ ಬಂತು. ಅದರ ಸಾರ: ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಹಾಕಿರುವುದು ಚಿತ್ರದಲ್ಲಿ ಕಾಣುತ್ತದೆ, ಅಧಿಕ ಭಾರದಿಂದ ಹಾನಿಯಾಗಿದೆ, ವಾರಂಟಿ ಅನ್ವಯಿಸುವುದಿಲ್ಲ.

ಆ ಕ್ಯಾರಿಯರಿನ ಮೇಲೆ ನಾನು ಇಟ್ಟ ಅತಿ ದೊಡ್ಡ ಭಾರವೆಂದರೆ ಲ್ಯಾಪ್‌ಟಾಪ್, ಊಟದ ಡಬ್ಬಿ ಮತ್ತು ಒಮ್ಮೆ ದೇವರಾಜ ಮಾರುಕಟ್ಟೆಯಿಂದ ತಂದ ಎರಡು ಹಲಸಿನ ಹಣ್ಣಿನ ಹೋಳು.

ಭದ್ರಾವತಿ ಲೋಹದವನು · 21 ನವೆಂಬರ್

ಕ್ಯಾರಿಯರ್ ಎಲ್ಲಿಗೆ ಕಟ್ಟಿದ್ದೀರಿ? ಫ್ರೇಮಿನಲ್ಲೇ ಅದಕ್ಕೆ ತಿರುಪಿನ ರಂಧ್ರ ಇತ್ತೇ, ನೀವು ಪಟ್ಟಿ ಹಾಕಿ ಬಿಗಿದದ್ದೇ?

ಕುಕ್ಕರಹಳ್ಳಿ ಸವಾರ · 21 ನವೆಂಬರ್

ಫ್ರೇಮಿನಲ್ಲೇ ಇತ್ತು. ಹಿಂದಿನ ಅಚ್ಚಿನ ಬಳಿ ಎರಡು, ಸೀಟಿನ ಕೆಳಗೆ ಎರಡು.

ಭದ್ರಾವತಿ ಲೋಹದವನು · 21 ನವೆಂಬರ್

ಹಾಗಾದರೆ ಗೆದ್ದಿರಿ. ಕ್ಯಾರಿಯರ್ ಕಟ್ಟಲು ಕಿವಿ ಬೆಸೆದು, ಅದರಲ್ಲಿ ತಿರುಪಿನ ಹಲ್ಲು ಕೊರೆದು ಕೊಟ್ಟವರು ಅವರೇ. ಕಟ್ಟಿದ್ದೇ ತಪ್ಪೆಂದರೆ ಹೇಗೆ? ಇನ್ನೂ ಒಂದು. ಕ್ಯಾರಿಯರಿನ ಭಾರ ಬಹುಪಾಲು ಅಚ್ಚಿನ ಬಳಿಯ ಕಿವಿಗಳಿಗೆ ಇಳಿದು ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಅದು ಅತಿಯಾಗಿದ್ದರೆ ಮೊದಲು ಕಿವಿಯ ಬುಡ ಸೀಳಬೇಕಿತ್ತು. ನಾಲ್ಕು ಕಿವಿಗಳ ಹತ್ತಿರದ ಚಿತ್ರ ತೆಗೆದು ಕಳುಹಿಸಿ. ಎರಡೇ ಪ್ರಶ್ನೆ ಕೇಳಿ: ಭಾರ ಇಳಿಯುವ ಜಾಗದಲ್ಲಿ ಗೀರೂ ಇಲ್ಲದೆ ನಲವತ್ತು ಸೆಂಟಿಮೀಟರ್ ದೂರದ ಬೆಸುಗೆಯಲ್ಲಿ ಬಿರುಕು ಬಂದದ್ದು ಹೇಗೆ? ನಿಮ್ಮ ಪುಸ್ತಿಕೆಯಲ್ಲಿ ಕ್ಯಾರಿಯರಿಗೆ ಹೇಳಿದ ಮಿತಿ ಎಷ್ಟು?

ಕುಕ್ಕರಹಳ್ಳಿ ಸವಾರ · 21 ನವೆಂಬರ್

ಪುಸ್ತಿಕೆ ತೆಗೆದು ನೋಡಿದೆ. 25 ಕಿಲೋ. ಹಲಸಿನ ಹೋಳು ಸೇರಿಸಿದರೂ ಹತ್ತು ದಾಟುವುದಿಲ್ಲ.

ಗ್ರಾಹಕನ ಪಕ್ಷ · 22 ನವೆಂಬರ್

ಇಷ್ಟು ದಿನ ಓದುತ್ತಿದ್ದೆ. ವಕೀಲಿ ವೃತ್ತಿಯವಳು. ಲೋಹದ ಮೇಷ್ಟ್ರು ತಾಂತ್ರಿಕ ಭಾಗ ಹೇಳಿಕೊಟ್ಟಿದ್ದಾರೆ, ಕಾಗದದ ಭಾಗ ನಾನು ಹೇಳುತ್ತೇನೆ.

ಫೋನಿನಲ್ಲಿ ಮಾತನಾಡುವುದನ್ನು ನಿಲ್ಲಿಸಿ. ಆಡಿದ ಮಾತು ಗಾಳಿಗೆ ಹೋಗುತ್ತದೆ. ಮೇಷ್ಟ್ರ ಎರಡು ಪ್ರಶ್ನೆಗಳನ್ನು ಪತ್ರವಾಗಿ ಬರೆದು ಅಂಗಡಿಗೂ ಕಂಪನಿಗೂ ಇಮೇಲ್ ಮಾಡಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಅದರೊಳಗೇ ಸೇರಿಹೋಗಿದೆ. ಹದಿನೈದು ದಿನ ಗಡುವು ಕೊಡಿ. ಬೈಗುಳ ಬೇಡ, ವಿಶೇಷಣ ಬೇಡ, ದಿನಾಂಕ ಮತ್ತು ಅಳತೆ ಸಾಕು.

ಜೊತೆಗೇ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅವರು ಆದೇಶ ಹೊರಡಿಸಲಾರರು, ಕಂಪನಿಗೆ ದೂರನ್ನು ತಲುಪಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಕಡತ ಅಲುಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಲುಧಿಯಾನದಲ್ಲಿದ್ದರೂ ಮೈಸೂರಿಗೇ ಬರಬೇಕಾದವರು ಅವರು. ಕೊಟ್ಟ ಬೆಲೆ ಐದು ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ (ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ). ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೋಷ ಬರಿಗಣ್ಣಿಗೆ ತೀರ್ಮಾನವಾಗದಿದ್ದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದ್ದರಿಂದ ಸೈಕಲ್ಲನ್ನು ಈಗಿರುವಂತೆಯೇ ಇಟ್ಟುಕೊಳ್ಳಿ, ಮಾರಬೇಡಿ, ಬೆಸೆಸಬೇಡಿ, ತೊಳೆಯಲೂ ಹೋಗಬೇಡಿ.

ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳ ಕಾಲಮಿತಿ ಇದೆ, ಮರೆಯಬೇಡಿ. ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುವುದು ಬೇರೆ, ಆಯೋಗದ ಬೆಂಚಿನ ಮೇಲೆ ಕುಳಿತು ಕಾಯುವುದು ಬೇರೆ. ಪತ್ರದಲ್ಲೇ ಮುಗಿದರೆ ಒಳ್ಳೆಯದು.

ಧಾರವಾಡ ಪೇಡೆ · 22 ನವೆಂಬರ್

ವಕೀಲಮ್ಮ, ಇಷ್ಟೆಲ್ಲ ಓಡಾಟಕ್ಕೆ ಬದಲು ಹತ್ತು ಸಾವಿರಕ್ಕೆ ಒಂದು ಕಪ್ಪು ಸೈಕಲ್ ಬರುತ್ತದೆ. ಬೆಟ್ಟ ಹತ್ತುವುದಿಲ್ಲ, ಅಷ್ಟೇ. ಬೆಟ್ಟದ ಮೇಲಿನ ತಾಯಿ ಬಸ್ಸಿನಲ್ಲಿ ಹೋದವರಿಗೂ ದರ್ಶನ ಕೊಡುತ್ತಾಳೆ.

ಕುಕ್ಕರಹಳ್ಳಿ ಸವಾರ · 9 ಡಿಸೆಂಬರ್

ಒಪ್ಪಿಕೊಂಡರು!

ಪತ್ರ ತಲುಪಿದ ಆರನೆಯ ದಿನ ಕಂಪನಿಯ ಬೇರೊಬ್ಬರು ಕರೆ ಮಾಡಿದರು. ಮೊದಲಿನವರ ಹೆಸರೇ ಎತ್ತಲಿಲ್ಲ. ಕಿವಿಗಳ ಚಿತ್ರ ನೋಡಿದ್ದೇವೆ, ಫ್ರೇಮ್ ಬದಲಾಯಿಸಿಕೊಡುತ್ತೇವೆ ಎಂದರು. ಸಹಾಯವಾಣಿಯ ದೂರಿನ ಸಂಖ್ಯೆಯನ್ನು ಪತ್ರದ ಮೇಲೆಯೇ ಬರೆದಿದ್ದೆ, ಅದೂ ಕೆಲಸ ಮಾಡಿರಬಹುದು.

ಆದರೆ ನನ್ನ ಮಾದರಿ ಈಗ ತಯಾರಾಗುತ್ತಿಲ್ಲವಂತೆ. ಈಗಿನ ಮಾದರಿಯ ಫ್ರೇಮ್ ಕೊಡುತ್ತಾರೆ. ನೀಲಿಯ ಬದಲು ಕಿತ್ತಳೆ. ಒಪ್ಪಿಗೆ ಕೊಡಲೇ?

ಹಿಂದಿನ ಗೇರು · 9 ಡಿಸೆಂಬರ್

ತಡೆಯಿರಿ! ಬಣ್ಣ ಹಾಳಾಗಲಿ, ಅಳತೆ ಕೇಳಿ. ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ವಾರಂಟಿಯಲ್ಲಿ ಬರುವುದು ಬರಿಯ ಫ್ರೇಮ್. ಹಳೆಯ ಸಾಮಾನುಗಳು ಅದಕ್ಕೆ ಕೂರುತ್ತವೆಯೇ ಎಂಬುದು ನಿಮ್ಮ ತಲೆನೋವು.

ಹಿಂದಿನ ಚಕ್ರ ಕೂರುವ ಅಗಲ ನಿಮ್ಮದು 135 ಮಿಲಿಮೀಟರ್ ಇರಬೇಕು. ಹೊಸದು 142 ಅಥವಾ 148 ಆಗಿದ್ದರೆ ನಿಮ್ಮ ಹಿಂದಿನ ಚಕ್ರ ಗೋಡೆಗೆ ತೂಗುಹಾಕಲು ಸರಿ. ಸೀಟ್ ಪೋಸ್ಟ್ 27.2, 30.9, 31.6, ಯಾವುದು? ದೊಡ್ಡ ರಂಧ್ರಕ್ಕೆ ಸಣ್ಣ ಪೋಸ್ಟನ್ನು ನಡುವೆ ತೆಳು ಕೊಳವೆ ಹಾಕಿ ಕೂರಿಸಬಹುದು, ಉಲ್ಟಾ ಆಗದು. ಬಾಟಮ್ ಬ್ರಾಕೆಟ್ ತಿರುಗಿಸಿ ಬಿಗಿಯುವುದೋ ಒತ್ತಿ ಕೂರಿಸುವುದೋ? ಹ್ಯಾಂಡಲ್ಲಿನ ಕೊಳವೆ ಮೇಲಿಂದ ಕೆಳಗೆ ಒಂದೇ ಅಗಲವೋ, ಕೆಳಗೆ ದಪ್ಪವೋ? ಕೆಳಗೆ ದಪ್ಪವಾಗಿದ್ದರೆ ಹಳೆಯ ಫೋರ್ಕಿಗೆ ಬೇರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಬೇಕು. ಡಿಸ್ಕ್ ಬ್ರೇಕಿನ ಕಿವಿ ಯಾವ ಬಗೆಯದು? ಮುಂದಿನ ಗೇರು ಬದಲಿಸುವ ಪಟ್ಟಿ 31.8 ಅಥವಾ 34.9? ಇದಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಬಂದ ಮೇಲೆ 'ಹೂಂ' ಎನ್ನಿ. ಕೂರದ ಸಾಮಾನನ್ನು ಅವರೇ ಕೊಡಲಿ ಎಂದೂ ಅದೇ ಪತ್ರದಲ್ಲಿ ಕೇಳಿ. ಒಪ್ಪಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇನ್ನೂರರ ಹುಚ್ಚಿ · 9 ಡಿಸೆಂಬರ್

ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ರಿಯಾಯಿತಿಯ ಫ್ರೇಮಿಗೆ ಹೊಂದಿಸಲು ಹದಿನೆಂಟು ಸಾವಿರದ ಸಾಮಾನು ಕೊಂಡೆ.

ಕುಕ್ಕರಹಳ್ಳಿ ಸವಾರ · 4 ಜನವರಿ

ಫ್ರೇಮ್ ಬಂತು. ಹಿಂದಿನ ಅಗಲ 135 ಎಂದು ಖಾತ್ರಿ ಮಾಡಿಕೊಂಡೇ ಒಪ್ಪಿದ್ದರಿಂದ ಚಕ್ರ ಉಳಿಯಿತು. ಸೀಟ್ ಪೋಸ್ಟ್ ಮತ್ತು ಹೆಡ್‌ಸೆಟ್ ಕೂರಲಿಲ್ಲ, ಎರಡನ್ನೂ ಕಂಪನಿಯೇ ಕಳುಹಿಸಿತು. ಮುಂದಿನ ಗೇರಿನ ಪಟ್ಟಿ ಮರೆತಿದ್ದೆ, 450 ರೂಪಾಯಿ ನನ್ನ ಜೇಬಿನಿಂದ. ಬಿಚ್ಚಿ ಜೋಡಿಸುವ ಕೂಲಿ 1,800. ಹೊಸ ಕೇಬಲ್ಲುಗಳಿಗೆ 600. "ಬಣ್ಣದ ಬಿರುಕು" ಎಂದಿದ್ದ ಅಂಗಡಿಯವರು ಹಳೆಯ ಫ್ರೇಮನ್ನು ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಚಹಾ ತರಿಸಿದರು.

ಇನ್ನೊಂದು ಷರತ್ತು ಇತ್ತು. ಹಳೆಯ ಫ್ರೇಮನ್ನು ಸಾಗಿಸುವ ಖರ್ಚು ಹೆಚ್ಚೆಂದು, ಅದನ್ನು ಗರಗಸದಲ್ಲಿ ಎರಡು ಕಡೆ ತುಂಡರಿಸಿ ಕ್ರಮಸಂಖ್ಯೆ ಕಾಣುವಂತೆ ಫೋಟೊ ಕಳುಹಿಸಬೇಕಿತ್ತು. ಮತ್ತೆ ಮಾರಾಟವಾಗದಿರಲಿ ಎಂದು. ನಾಲ್ಕು ವರ್ಷ ದಿನವೂ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೊತ್ತುಕೊಂಡು ಹೋದದ್ದನ್ನು ನಾನೇ ಕೊಯ್ಯಬೇಕಾಯಿತು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಲಿನ ಮತ್ತು ಕೆಳಗಿನ ಕೊಳವೆಗಳನ್ನು ಕೊಯ್ದೆ, ಬಿರುಕಿನ ಜಾಗವನ್ನು ಮುಟ್ಟಲಿಲ್ಲ. ಫೋಟೊ ಕಳುಹಿಸಿದ ಮೇಲೆ ಕುತೂಹಲಕ್ಕೆ ಚೈನ್ ಸ್ಟೇಯನ್ನು ಕಾಲಡಿ ಇಟ್ಟು ಜಗ್ಗಿದೆ. ಎರಡನೆಯ ಜಗ್ಗಿಗೆ ಕಳಚಿ ಬಂತು. ಹೊರಗಿನಿಂದ ಎರಡು ಸೆಂಟಿಮೀಟರ್ ಕಂಡಿದ್ದ ಬಿರುಕು ಬಣ್ಣದ ಕೆಳಗೆ ಕೊಳವೆಯ ಅರ್ಧ ಸುತ್ತನ್ನು ದಾಟಿತ್ತು.

ಭದ್ರಾವತಿ ಲೋಹದವನು · 4 ಜನವರಿ

ಸೀಳಿದ ಮುಖ ಹೇಗಿದೆ? ಒಂದು ಭಾಗ ನುಣುಪಾಗಿ, ಬಾಗಿದ ಗೆರೆಗಳ ಮೇಲೆ ಗೆರೆ, ಕೆರೆಯ ನೀರು ಇಳಿಯುತ್ತಾ ದಂಡೆಯಲ್ಲಿ ಗುರುತು ಬಿಟ್ಟಂತೆ ಇದೆಯೇ? ಉಳಿದದ್ದು ಒರಟಾಗಿ, ಸಕ್ಕರೆ ಮುರಿದಂತೆ?

ಕುಕ್ಕರಹಳ್ಳಿ ಸವಾರ · 4 ಜನವರಿ

ಹೌದು, ಹಾಗೆಯೇ ಇದೆ. ಗೆರೆಗಳೆಲ್ಲ ಬೆಸುಗೆಯ ಅಂಚಿನ ಒಂದು ಸಣ್ಣ ಗುಳಿಯ ಸುತ್ತ ಬಾಗಿವೆ. ಸೂಜಿಮೊನೆಯಷ್ಟು ಗುಳಿ.

ಭದ್ರಾವತಿ ಲೋಹದವನು · 4 ಜನವರಿ

ಅದು ಬೆಸೆಯುವಾಗ ಒಳಗೆ ಉಳಿದ ಅನಿಲದ ಗುಳ್ಳೆ. ನಿಮ್ಮ ಸೈಕಲ್ ಕಾರ್ಖಾನೆಯಿಂದ ಹೊರಟ ದಿನವೇ ಅದು ಅಲ್ಲಿತ್ತು. ಆ ತುಂಡನ್ನು ಗುಜರಿಗೆ ಹಾಕಬೇಡಿ. ಸೀಳಿದ ಮುಖವನ್ನು ಕೈಯಿಂದ ಮುಟ್ಟದೆ, ಎರಡು ಮುಖಗಳು ಒಂದಕ್ಕೊಂದು ಉಜ್ಜದಂತೆ ಹತ್ತಿಯಲ್ಲಿ ಸುತ್ತಿ ನನಗೆ ಕಳುಹಿಸುವಿರಾ? ಹುಡುಗರಿಗೆ ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ, ಇಷ್ಟು ಚೊಕ್ಕವಾದದ್ದು ನನ್ನ ಕೈಗೆ ಸಿಕ್ಕಿಲ್ಲ. ಅಂಚೆ ಖರ್ಚು ನನ್ನದು.

ಕುಕ್ಕರಹಳ್ಳಿ ಸವಾರ · 5 ಜನವರಿ

ಸರ್, ಖರ್ಚಿನ ಮಾತು ಬೇಡ. ಊಟದ ಡಬ್ಬಿಯಲ್ಲಿ ಹತ್ತಿ ಹಾಕಿ ಇಟ್ಟಿದ್ದೇನೆ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಡಬ್ಬಿ ಮಾತ್ರ ವಾಪಸ್ ಕಳುಹಿಸಿ, ಮನೆಯಲ್ಲಿ ಕೇಳುತ್ತಿದ್ದಾರೆ.